ಹೆಸರಿಲ್ಲದ ಗುಂಡಿ

ತೆಲ್ಮೊ, ನೀನು ಕೇಳಿದ ವರದಿ ಇದು.
ಗುಣಕ್ಕೊಂದು ಕಾಲಂ, ದೋಷಕ್ಕೊಂದು ಕಾಲಂ ಅಂದೆ.
ನನ್ನ ತಕ್ಕಡಿ ಅಷ್ಟು ನೆಟ್ಟಗಿಲ್ಲ ಮಾರಾಯ.

ಪೋರ್ಟೊದ ಬೊಂಜಾರ್ದಿಂ ಬೀದಿಯಲ್ಲಿ
ಮೂವತ್ತೊಂದು ವರ್ಷ ಗುಂಡಿ ಮಾರಿದವಳು ನಾನು.
ಗೋಡೆ ತುಂಬ ಪುಟ್ಟ ಖಾನೆಗಳು,
ಪ್ರತಿ ಖಾನೆಯ ಮೂತಿಗೆ
ಒಳಗಿರುವುದರದೇ ಒಂದು ಗುಂಡಿ ಹೊಲಿದಿತ್ತು.
ಕಣ್ಣು ಅಂಚಿನಿಂದ ಒಳಕ್ಕೆ ಕತ್ತಲಾಗುತ್ತ ಬಂದರೂ
ಅಂಗಡಿ ಕತ್ತಲಾಗಲಿಲ್ಲ.
ಕೊಂಬಿನದು ಬೆಚ್ಚಗೆ, ಚಿಪ್ಪಿನದು ತುಟಿಗೆ ತಣ್ಣಗೆ,
ಹಲ್ಲಿಗೆ ತಾಗಿಸಿದರೆ ಪ್ಲಾಸ್ಟಿಕ್ಕಿನ ಬಣ್ಣ ಬಯಲು.

ಈಗ ನಿಮ್ಮ ಅಂಗಡಿ.
ನಾಲ್ಕು ಸಾವಿರದ ಇನ್ನೂರು ಬಗೆ, ಮುಟ್ಟಲು ಒಂದೂ ಇಲ್ಲ.
ಕಂಪ್ಯೂಟರಿನ ಹೆಣ್ಣುದನಿ ಓದುತ್ತದೆ:
ಚಿತ್ರ. ಚಿತ್ರ. ಚಿತ್ರ ಸೊನ್ನೆ ನಾಲ್ಕು ಒಂದು ಏಳು.
ನೀಲಿ ಒಂದು, ನೀಲಿ ಎರಡು,
ಹೀಗೇ ನೀಲಿ ಹನ್ನೊಂದು.
ಯಾವ ನೀಲಿ, ಹುಡುಗ? ನಾನು ನೀಲಿ ಕಂಡವಳು:
ಸ್ಟೇಷನ್ನಿನ ಗೋಡೆಯ ಹೆಂಚುಬಿಲ್ಲೆಯ ನೀಲಿ,
ನೂರು ಸಲ ಒಗೆದ ಮೇಲೆ
ಗಂಡನ ಕೆಲಸದಂಗಿಯಲ್ಲಿ ಉಳಿದ ನೀಲಿ.
ಒಂದು ಮಾತು ಸೇರಿಸಿದ್ದರೆ ಸಾಕಿತ್ತು.

ಆಮೇಲೆ ಆ ದನಿ ಅನ್ನುತ್ತದೆ: ಗುಂಡಿ.
ಮಾರುವ ಗುಂಡಿಯೋ, ಒತ್ತುವ ಗುಂಡಿಯೋ?
ಮತ್ತೆ: ಗುಂಡಿ. ಹೆಸರಿಲ್ಲದ ಗುಂಡಿ.
ಹಗಲು ಕಂಡ ಬಾವಿಗೆ ಇರುಳು ಬೀಳುವವರಿದ್ದಾರೆ;
ನಾನು ಹಗಲೂ ಕಾಣದ್ದಕ್ಕೆ ಮೂರು ಸಲ ಬಿದ್ದೆ.
ಒಮ್ಮೆ ಬುಟ್ಟಿ ಬರಿದಾಯಿತು.
ಒಮ್ಮೆ ಅಂಗಡಿಯೇ ಜರ್ಮನ್ ಮಾತಾಡತೊಡಗಿತು.
ಮೂರನೆಯ ಸಲ, ದುಡ್ಡು ಕೊಡುವ ಹೊತ್ತಿಗೆ,
ನಾನು ಮನುಷ್ಯಳೆಂದು ರುಜುವಾತು ಬೇಕಂತೆ:
ಸಿಗ್ನಲ್ ದೀಪ ಇರುವ ಚಿತ್ರಗಳನ್ನೆಲ್ಲ ತೋರಿಸಬೇಕಂತೆ.
ಪಕ್ಕದ ಮನೆಯ ಗ್ರಸಿಂದಾಳನ್ನು ಕೂಗಿದೆ.
ಬಂದಳು, ಒಂಬತ್ತರಲ್ಲಿ ನಾಲ್ಕು ಒತ್ತಿದಳು,
ನನ್ನನ್ನು ಮನುಷ್ಯಳನ್ನಾಗಿ ಮಾಡಿ
ಒಲೆಯ ಮೇಲೆ ಸೂಪಿದೆ ಅಂತ ಓಡಿದಳು.

ಗುಣವೇ ಇಲ್ಲವೆ? ಇದೆ,
ಹೇಳದಿದ್ದರೆ ನಾಲಿಗೆಗೆ ಒಳಿತಲ್ಲ.
ರಾತ್ರಿ ಎರಡಕ್ಕೂ ಬಾಗಿಲು ಹಾಕುವುದಿಲ್ಲ.
ಏಳು ಸಲ ಬೆಲೆ ಕೇಳಿದರೂ ನಿಟ್ಟುಸಿರಿಲ್ಲ
(ನಾನು ಬಿಟ್ಟಿದ್ದೇನೆ, ಗಿರಾಕಿಗಳು ಕ್ಷಮಿಸಲಿ).
ಇವರ ಜೊತೆ ಯಾರು ಬಂದಿದ್ದೀರಿ ಎಂದು
ನನ್ನ ತಲೆಯ ಮೇಲಿಂದ ಗಾಳಿಯನ್ನು ಕೇಳುವುದಿಲ್ಲ.
ಹದಿನೆಂಟು ಮಿಲಿಮೀಟರ್ ಅಂದರೆ ಹದಿನೆಂಟೇ,
ಬಂದ ಮೇಲೆ ಉಗುರಲ್ಲಿ ಅಳೆದೆ.
ನಮ್ಮ ಧಣಿ ಸಿಲ್ವೇರಿಯು
ಹದಿನೇಳನ್ನು ಹದಿನೆಂಟೆಂದು ಮಾರಿಸುತ್ತಿದ್ದ.

ಆದರೆ ಒಂಟಿ ಗುಂಡಿ ನಿಮ್ಮಲ್ಲಿಲ್ಲ. ಕೊಂಡರೆ ಆರು.
ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಅರ್ಧ ಜನ
ಒಂದನ್ನೇ ಕಳೆದುಕೊಂಡವರು.
ಕೋಟನ್ನು ಮೇಜಿನ ಮೇಲೆ ಮಲಗಿಸಿ
ಇಂಥದ್ದೇ ಬೇಕು, ಅವಳೇ ಹೊಲಿದದ್ದು ಎನ್ನುವವರು.
ಇಂಥದ್ದೇ ಇರುತ್ತಿರಲಿಲ್ಲ.
ತೀರಾ ಕೆಳಗಿನದನ್ನು ಬಿಚ್ಚಿ ಎದೆಗೆ ತಂದು
ಹೊಸದನ್ನು ಕಾಣದಲ್ಲಿ ಹೊಲಿದು ಕೊಡುತ್ತಿದ್ದೆ.
ಇದನ್ನು ಯಾವ ಕಾಲಮಿಗೆ ಬರೆಯಲಿ?

ಐದರಲ್ಲಿ ಎಷ್ಟು ನಕ್ಷತ್ರ ಎಂದು ಕೊನೆಗೆ ಕೇಳಿದ್ದೀಯ.
ಮೂರು ಅಂದುಕೋ.
ನಿನ್ನೆ ಪಾರ್ಸೆಲ್ ಬಂತು. ಸಹಿ ಹಾಕಿಸುವಾಗ
ತಂದ ಹುಡುಗನ ತೋಳು ಕೈಗೆ ತಾಗಿತು,
ಪಟ್ಟಿಯ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.
ನಿಲ್ಲು ಅಂದೆ.
ಇನ್ನೂ ನಲವತ್ತು ಮನೆ ಇದೆ ಅಂದ.
ನಿಂತ.
ಸೂಜಿಗೆ ದಾರ ಅವನೇ ಪೋಣಿಸಿದ.