ಅನಿಶ್ಚಿತ, ಆದ್ದರಿಂದ ಅಸಿಂಧು

ಟ್ಯಾನರ್ಸ್ ಗೇಟ್ ವಾರ್ಡಿನ ಎಣಿಕೆ ನಡೆದದ್ದು
ಈಜುಕೊಳದ ಪಕ್ಕದ ಶಟಲ್ ಹಾಲಿನಲ್ಲಿ.
ನೆಲದ ತುಂಬ ಹಳದಿ, ಕೆಂಪು, ನೀಲಿ ಗೆರೆ,
ಯಾವ ಆಟಕ್ಕೆ ಯಾವುದೆಂದು ಯಾರಿಗೂ ನೆನಪಿಲ್ಲ.
ಗೋಡೆಯಾಚೆಯಿಂದ ಕ್ಲೋರಿನ್ ವಾಸನೆ.
ಹಗಲು ನಾನು ಪಾರ್ಕಿಂಗ್ ದಂಡದ ಗುಮಾಸ್ತೆ;
ಈ ರಾತ್ರಿಯ ಮಟ್ಟಿಗೆ ಲಂಡನ್ನಿನ ಈ ತುಂಡು
ನನ್ನ ಬೆರಳಿನ ರಬ್ಬರ್ ಕುಲಾವಿಗೆ ಕಟ್ಟುಬಿದ್ದಿತ್ತು.

ಹತ್ತು ಹತ್ತರ ಕಂತೆ, ಹತ್ತು ಕಂತೆಗೊಂದು ಕ್ಲಿಪ್ಪು.
ಎದುರು ದನೂತಾ, ಗ್ರಂಥಾಲಯದವಳು,
ತುಟಿ ಅಲುಗಿಯೂ ಅಲುಗದಂತೆ ತನ್ನ ಭಾಷೆಯಲ್ಲಿ ಎಣಿಸುತ್ತಾಳೆ.
ಎಲ್ಲರೂ ಹಾಗೇ. ಲೆಕ್ಕಕ್ಕೆ ಬಂದಾಗ
ಅವ್ವ ಕಲಿಸಿದ ಅಂಕಿಯೇ ಗಟ್ಟಿ.

ಹನಿಗೂಡಿ ಹಳ್ಳ ಅನ್ನುತ್ತಾರೆ;
ಇಲ್ಲಿ ಎರಡು ಹಳ್ಳ, ಒಂದೇ ಮಟ್ಟಕ್ಕೆ ನಿಂತವು.
ಡೊರೀನ್ ಆಸ್ಕ್‌ವಿತ್: ಸಾವಿರದ ಇನ್ನೂರ ಏಳು.
ಶಾಲೆ ಮುಂದೆ ಇಪ್ಪತ್ತಾರು ವರ್ಷ ಕೋಲು ಹಿಡಿದು
ಲಾರಿ ನಿಲ್ಲಿಸಿ ಮಕ್ಕಳನ್ನು ದಾಟಿಸಿದವಳು.
ಕ್ವಾಬೆನಾ ಅಸಿಯೆದು: ಸಾವಿರದ ಇನ್ನೂರ ಏಳು.
ರಾತ್ರಿ ಬಸ್ಸಿನ ಡ್ರೈವರು; ಪಕ್ಷದ ಬಣ್ಣದ ಹೂವನ್ನು
ಕೋಟಿಗೆ ತಲೆಕೆಳಗಾಗಿ ಸಿಕ್ಕಿಸಿಕೊಂಡಿದ್ದ.
ಮತ್ತೆ ಎಣಿಸಿದೆವು. ಮತ್ತೆ ಅದೇ.
ಮೂರನೇ ಸಲಕ್ಕೆ ಟೀ ಮುಗಿದಿತ್ತು,
ಬಿಸ್ಕತ್ತಿನ ತಟ್ಟೆಯಲ್ಲಿ ಬರೀ ಪುಡಿ.

ಆಗ ತಿರಸ್ಕೃತ ಮತಗಳ ಟ್ರೇ ತೆರೆದರು.
ಯಾರೋ ಎಲ್ಲರಿಗೂ ಗುರುತು ಹಾಕಿದ್ದಾರೆ, ಯಾರನ್ನೂ ನೋಯಿಸದೆ.
ಯಾರೋ ಬೆಕ್ಕು ಬರೆದಿದ್ದಾರೆ, ಮೀಸೆ ಸಮೇತ, ಚೆನ್ನಾಗಿಯೇ.
ಮತ್ತೊಂದರಲ್ಲಿ ಗುರುತಿಲ್ಲ. ಹೆಸರುಗಳ ಮೇಲೆ ಅಡ್ಡಲಾಗಿ
ದಪ್ಪ ಅಕ್ಷರದಲ್ಲಿ ಒಂದು ಸಾಲು:
"ಲಿಫ್ಟ್ ರಿಪೇರಿ ಮಾಡಿಸುವವರಿಗೆ."
ಅಡಿಗೆ ಎರಡು ಗೆರೆ, ಎರಡನೆಯದು ಕಾಗದ ಹರಿಯುವಷ್ಟು ಒತ್ತಿ.

ಆ ಗೆರೆ ನನಗೆ ಗೊತ್ತು.
ಕಾರ್ವರ್ ಹೌಸಿನ ಲಿಫ್ಟಿನ ಬಾಗಿಲ ಮೇಲೆ
ನವೆಂಬರಿನಿಂದ ಪ್ರತಿ ಸೋಮವಾರ ಅಂಟುವ ಚೀಟಿಯ ಗೆರೆ;
ಏಳನೇ ಮಹಡಿ, ಮಿಸ್ಟರ್ ಪಿನಕ್, ನಿವೃತ್ತ ಬಡಗಿ,
ಮಂಡಿಗೆ ಉಕ್ಕು ಹಾಕಿಸಿಕೊಂಡವರು.
ಇಳಿದು, ಮತ ಹಾಕಿ, ಮತ್ತೆ ಹತ್ತಿದ್ದಾರೆ, ಹಾಗಾದರೆ.
ನಾನು ಬಾಯಿ ಬಿಡಲಿಲ್ಲ. ಗುಟ್ಟು ಕಾಯುವೆನೆಂದು
ಸಂಜೆಯೇ ಸಹಿ ಮಾಡಿಕೊಟ್ಟವಳು.
ಅಧಿಕಾರಿ ದೀಪಕ್ಕೆ ಹಿಡಿದು ನೋಡಿ, ಇಬ್ಬರ ಏಜೆಂಟರಿಗೂ ತೋರಿಸಿ,
ಠಸ್ಸೆ ಒತ್ತಿದರು: ಅನಿಶ್ಚಿತ, ಆದ್ದರಿಂದ ಅಸಿಂಧು.
ಅಷ್ಟು ಖಚಿತವಾದ ಕಾಗದ
ಆ ರಾತ್ರಿ ನನ್ನ ಕಣ್ಣಿಗೆ ಇನ್ನೊಂದು ಬಿದ್ದಿರಲಿಲ್ಲ.

ಕೊನೆಗೆ ಚೀಟಿ ಎತ್ತಿದರು. ಹೌದು, ಚೀಟಿಯೇ.
ಶಟಲ್‌ಕಾಕಿನ ಖಾಲಿ ಡಬ್ಬಿಯಲ್ಲಿ ಎರಡು ಮಡಿಕೆ.
ಗರಿಯೊಂದನ್ನು ಅಂಟಿಸಿಕೊಂಡು ಬಂತು ಕ್ವಾಬೆನಾನ ಹೆಸರು.
ಚಪ್ಪಾಳೆ ಯಾರು ಶುರುಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ.
ಡೊರೀನ್ ಎದ್ದಳು, ಅಭ್ಯಾಸಬಲ, ಅಂಗೈ ಎತ್ತಿ
ಇಡೀ ಹಾಲನ್ನು ನಿಲ್ಲಿಸಿ
ಅವನನ್ನು ಮೈಕಿನ ತನಕ ದಾಟಿಸಿದಳು.

ಬೆಳಗಿನ ಐದೂವರೆ. ಕಾರ್ವರ್ ಹೌಸ್.
ಎಣಿಸುವುದು ಬೇಡವೆಂದರೂ ಬೆರಳು ಬಿಡುತ್ತಿಲ್ಲ:
ಮಹಡಿಗೆ ಹದಿನಾರು ಮೆಟ್ಟಿಲು.
ಏಳರಲ್ಲಿ ಬಾಗಿಲು ತೆರೆದಿತ್ತು, ರೇಡಿಯೋ ಸಣ್ಣಗೆ.
"ಯಾರು ಬಂದರು?"
"ಅಸಿಯೆದು. ಸಮಸಮ ಆಗಿ, ಚೀಟಿ ಎತ್ತಿದರು."
"ಸಮಸಮ!" ಮಿಸ್ಟರ್ ಪಿನಕ್ ಮಂಡಿ ನೀವಿಕೊಂಡು
ಗಂಟಿಲ್ಲದ ಹಲಗೆ ಸಿಕ್ಕವರ ಹಾಗೆ ನಕ್ಕರು.
"ಅಂದರೆ ನನ್ನದೊಂದು ಇಲ್ಲದಿದ್ದರೆ
ಪಾಪ, ಒಬ್ಬರು ಸೋತೇಬಿಡುತ್ತಿದ್ದರು."

ನಾನು ಗುಟ್ಟಿಗೆ ಸಹಿ ಹಾಕಿದವಳು.
ಕುಲಾವಿ ಇನ್ನೂ ಬೆರಳಲ್ಲೇ ಇತ್ತು.
ಅವರು ಕಿವಿಯ ಮೇಲಿನ ದಪ್ಪ ಪೆನ್ಸಿಲ್ ತೆಗೆದರು.
ಸೋಮವಾರದ ಚೀಟಿಗೆ ಈಗ ವಿಳಾಸ ಸಿಕ್ಕಿತು,
ಹೆಸರು ಹೇಗೆ ಬರೆಯುವುದು, ನಿಧಾನ ಹೇಳು ಅಂದರು.
ಒಂದೊಂದೇ ಅಕ್ಷರ ಹೇಳಿದೆ. ಆರು.
ಅಡಿಗೆ ಗೆರೆ ಎಳೆದರು. ಎರಡು.