ಎಂಬತ್ತೆಂಟು ಮನೆ

ದುದ್ದದಿಂದ ಹಾಸನದ ಬಸ್ಸು ಹೊರಡುವುದು ಆರೂ ಐವತ್ತಕ್ಕೆ.
ಏಳೂ ಮುಕ್ಕಾಲರಿಂದ ಎಂಟೂ ಇಪ್ಪತ್ತೈದು, ಅಷ್ಟೇ ನನ್ನ ಪಾಲು,
ವಿಶ್ವವಿದ್ಯಾಲಯದ ರಿಜಿಸ್ಟರಿನಲ್ಲಿ ಸಹಿ ಹಾಕಿ ಪಡೆದದ್ದು.
ಪಿಯಾನೋ ಒಂದು, ನಾವು ಹನ್ನೊಂದು ಮಂದಿ.
ಬೀಗದ ಕೈ ಅಟೆಂಡರ್ ಚೆಲುವಯ್ಯನ ಉಡಿದಾರದಲ್ಲಿ.
ಅವನು ಟೀ ಮುಗಿಸಿ ಬರುವಷ್ಟರಲ್ಲಿ
ನನ್ನ ನಲವತ್ತು ನಿಮಿಷದಲ್ಲಿ ಆರು
ಅವನ ಲೋಟದಲ್ಲಿ ಕರಗಿರುತ್ತದೆ.

ನಮ್ಮಪ್ಪ ಹಾರ್ಮೋನಿಯಂ ಮೇಷ್ಟ್ರು.
ಸುಗ್ಗಿ ಮುಗಿದರೆ ಊರೂರಿನ ನಾಟಕಕ್ಕೆ ಅವರೇ ಬೇಕು.
ಗದೆ ಹೊತ್ತ ಪಂಚಾಯ್ತಿ ಮೆಂಬರಿಗೆ,
ಕಿರೀಟ ಇಟ್ಟ ಹಾಲಿನ ಡೈರಿ ಸೆಕ್ರೆಟರಿಗೆ
ಶ್ರುತಿ ಕೊಟ್ಟು, ಪದ್ಯ ತಿದ್ದಿ,
ಮರೆತು ಮುಳುಗುವವರನ್ನು ದಡ ಮುಟ್ಟಿಸುವವರು.
ಅವರ ಬಾಯಲ್ಲಿ ಕೀ ಅಂದರೆ ಮನೆ.
"ಕರಿ ಎರಡನೇ ಮನೆ ಹಿಡಿ. ಅಲ್ಲೇ ಇರು. ಎಲ್ಲೂ ಹೋಗಬೇಡ"
ಅಂದಾಗ ನನಗೆ ನಾಲ್ಕು ವರ್ಷ.
ಅಲ್ಲೇ ಇದ್ದೆ.

ಮನೆಯಲ್ಲಿರುವುದು ಕಂತಿನ ಕೀಬೋರ್ಡು, ಅರವತ್ತೊಂದು ಮನೆಯದು.
ಪರೀಕ್ಷೆ ಕೇಳುವುದು ಎಂಬತ್ತೆಂಟು.
ಉದ್ದನೆ ಬೆಂಚಿನ ನಡುವೆ ಅದನ್ನಿಟ್ಟು
ಎಡಕ್ಕೆ ಹದಿನೈದು, ಬಲಕ್ಕೆ ಹನ್ನೆರಡು
ಸೀಮೆಸುಣ್ಣದಲ್ಲಿ ನಾನೇ ಕಟ್ಟಿಕೊಂಡೆ.
ತಳದ ಸ್ವರಕ್ಕೆ ಬೆರಳಿಳಿದರೆ
ಹಲಗೆ ಟಕ್ ಅನ್ನುತ್ತದೆ. ಮಿಕ್ಕದ್ದು ನೆನಪಿನ ಲೆಕ್ಕ.
ಶುಕ್ರವಾರ ಅವ್ವ ಒದ್ದೆ ಬಟ್ಟೆ ತಂದು ಒರೆಸುತ್ತಾಳೆ,
"ಏನಮ್ಮಿ ಇದು, ಬೆಂಚೆಲ್ಲಾ ಗಲೀಜು."
ಶನಿವಾರ ಮತ್ತೆ ಗೃಹಪ್ರವೇಶ.

ಐವಿ ಕರ್ಕಡ ಮೇಡಂ ಮೊದಲ ದಿನ
ನನ್ನ ಎಡಗೈ ಎತ್ತಿ ನೋಡಿದರು, ನಾಡಿ ಹಿಡಿದವರಂತೆ.
"ಇದು ಯಾಕೆ ಹೀಗೆ ಹೋಗಿ ಬರುತ್ತೆ?"
ನನಗೆ ಗೊತ್ತೇ ಇರಲಿಲ್ಲ. ಹೋಗಿ ಬರುತ್ತಿತ್ತು.
ಬಲಗೈ ಸ್ವರ ಮುಟ್ಟಿದ ಕೂಡಲೇ
ಎಡಗೈ ಗಾಳಿ ಹಾಕಲು ಹೊರಡುತ್ತಿತ್ತು,
ಇಲ್ಲದ ತಿದಿಗೆ.
ಹದಿನಾಲ್ಕು ವರ್ಷ ಅದಕ್ಕೆ ಯಾರೂ ಹಾಡು ಕೊಟ್ಟಿರಲಿಲ್ಲ,
ಬರೀ ಬಿಟ್ಟಿ ಚಾಕರಿ.
ಮೊದಲ ಸೆಮಿಸ್ಟರ್ ಪೂರ್ತಿ ಅದರ ಕಿರುಬೆರಳಿಗೆ ಅ ಆ ಇ ಈ.
ಮಣಿಕಟ್ಟಿನ ಮೇಲೆ ಮೇಡಂ ಒಂದು ರೂಪಾಯಿ ಇಡುತ್ತಿದ್ದರು,
ಬಿದ್ದರೆ ಅದು ಚೆಲುವಯ್ಯನಿಗೆ.
ಆ ವರ್ಷ ಅವನು ಕುಡಿದ ಟೀ ಬಹುಪಾಲು ನನ್ನದೇ.

ಪರೀಕ್ಷೆ ಮುಗಿದ ಮಧ್ಯಾಹ್ನ ಅಪ್ಪ ಬಂದರು,
ಸನ್ಮಾನದಲ್ಲಿ ಹೊದಿಸಿದ ಶಾಲು ಹೊದ್ದು.
ಪಿಯಾನೋಕ್ಕೆ ಒಂದು ಸುತ್ತು ಬಂದು, ಬಗ್ಗಿ ಕೆಳಗೂ ನೋಡಿ,
"ಗಾಳಿ ಯಾರು ಹಾಕ್ತಾರೆ?" ಅಂದರು.
ಯಾರೂ ಇಲ್ಲಪ್ಪ. ಒಳಗೆ ಸುತ್ತಿಗೆ ಇದೆ, ತಂತಿ ಇದೆ. ಹೊಡೆದು ಬಿಡುತ್ತೆ.
"ಆಮೇಲೆ?"
ಆಮೇಲೆ ಏನಿಲ್ಲ. ಕೇಳೋದು.

ಎಡತುದಿಯ ಕೊನೆಯ ಮನೆಗೆ ಹೆಬ್ಬೆರಳು ಊರಿದರು,
ನಾನು ಸುಣ್ಣದಲ್ಲಿ ಬರೆಯುವ ಮೊದಲನೆಯದು.
ಕೋಣೆ ತುಂಬಿತು. ತುಂಬಿದ್ದು ಇಳಿಯತೊಡಗಿತು.
ಬಿಡದೆ ಇನ್ನೂ ಅದುಮಿದರು, ಉಗುರು ಬೆಳ್ಳಗಾಗುವಷ್ಟು.
"ಒತ್ತಿದ್ರೂ ನಿಲ್ಲಾಕಿಲ್ವಲ್ಲವ್ವ."
ನಿಲ್ಲಲ್ಲಪ್ಪ.
ಐವತ್ತು ವರ್ಷ, ಬೇಕೆಂದಷ್ಟು ಹೊತ್ತು
ಸ್ವರವನ್ನು ಬದುಕಿಸಿಟ್ಟ ಮನುಷ್ಯ
ಮೆಲ್ಲಗೆ ಮರಕ್ಕೆ ಕಿವಿ ಇಟ್ಟರು.
ಹೊರಗೆ ಯಾರದೋ ಬೈಕು ಕೆಮ್ಮಿ, ಸ್ಟಾರ್ಟಾಗಿ, ಗೇಟು ದಾಟಿ,
ಅದರ ಸದ್ದೂ ಹೋದ ಮೇಲೆ ತಲೆ ಎತ್ತಿದರು.
"ಇನ್ನೂ ಇತ್ತು" ಅಂದರು.
ಬಸ್ಸಿನಲ್ಲಿ ಮಾತಿಲ್ಲ. ಕಡಲೆಕಾಯಿ ಬಿಡಿಸಿ ಬಿಡಿಸಿ ನನಗೇ ಕೊಟ್ಟರು.

ಅದೇ ವಾರ ಕೌಶಿಕದ ಶಾಲೆಯಲ್ಲಿ ತಾಲೀಮು. ನಾನೂ ಹೋಗಿದ್ದೆ.
ಡೈರಿ ಸೆಕ್ರೆಟರಿ ಎದೆಯುಬ್ಬಿಸಿ
ಪದ್ಯದ ತುದಿಯ ಸ್ವರ ಹಿಡಿದು ಎಳೆಯುತ್ತಿದ್ದರು.
ಅಪ್ಪನ ಎಡಗೈ ನಿಂತಿತು.
ತಿದಿ ಕುಗ್ಗಿತು. ಸ್ವರ ನೂಲಾಯಿತು.
ಅಪ್ಪ ಕತ್ತು ವಾಲಿಸಿ ಪೆಟ್ಟಿಗೆಯ ಮೇಲೆ ಬಾಗಿದರು.
ಸೆಕ್ರೆಟರಿ ತೆರೆದ ಬಾಯಿ ತೆರೆದಂತೆ, ಕೈ ಆಕಾಶದಲ್ಲಿ.
"ಮೇಷ್ಟ್ರೇ, ಗಾಳಿ! ಗಾಳಿ ಹಾಕಿ ಮೇಷ್ಟ್ರೇ!"

"ತಡಿಯಯ್ಯಾ," ಅಂದರು ಅಪ್ಪ,
"ಇನ್ನೂ ಐತೆ."