ಎರಡು ಕೋಲಿನ ಕೊಯ್ಲು

ಈ ಗೋಧಿಗೆ ಕುಡುಗೋಲು ಆಗಿಬರುವುದಿಲ್ಲ.
ಎರಡು ಕೋಲು, ಒಂದು ತುದಿಗೆ ತೊಗಲಿನ ದಾರ;
ನಡುವೆ ತೆನೆಗಳ ಕತ್ತು ಸಿಕ್ಕಿಸಿ
ಮೇಲಕ್ಕೊಮ್ಮೆ ಎಳೆದರೆ
ತೆನೆ ಬುಟ್ಟಿಗೆ. ಹುಲ್ಲು ನಿಂತೇ ಇರುತ್ತದೆ,
ತಲೆ ಹೋದದ್ದು ಯಾರೂ ಹೇಳಿಲ್ಲವೆಂಬಂತೆ.

ಜಾರ್ಜಿಯಾದ ಲೆಚ್ಖುಮಿ. ಕೆಳಗೆ ಹೊಳೆ,
ಅದರ ಹೆಸರಿನ ಅರ್ಥ ಕುದುರೆನೀರು.
ಇಳಿಜಾರಿನಲ್ಲಿ ಪೆಪೆಲಾ ಎಳೆಯುತ್ತಿದ್ದಾಳೆ,
ಬದುವಿನಲ್ಲಿ ಗ್ವಾಂತ್ಸಾ ನಿಂತಿದ್ದಾಳೆ,
ಚೀಲದ ತುಂಬ ಖಾಲಿ ಲಕೋಟೆ.

'ಒಂದು ಬೊಗಸೆ ಸಾಕಿತ್ತು.'

'ನಮ್ಮತ್ತೆಯ ಕಾಲದಲ್ಲಿ ಬಂದವರೂ
ಬೊಗಸೆಯೆಂದೇ ಕೇಳಿದ್ದು.
ಟೋಪಿ ತೆಗೆದು ಅದರಲ್ಲೇ ತುಂಬಿಸಿಕೊಂಡು ಹೋದರು.
ಮುಟ್ಟಿತೆಂದು ಒಂದು ಕಾಗದ ಹಾಕಲಿಲ್ಲ.'

ಮುಟ್ಟಿತ್ತು. ಎಲ್ಲೆಲ್ಲಿಗೋ ಮುಟ್ಟಿತ್ತು.
ಗ್ವಾಂತ್ಸಾಳಿಗೆ ಗೊತ್ತು, ಹೇಳಲಿಲ್ಲ.
ಕೋಲು ತೆಗೆದುಕೊಂಡು ತಾನೂ ಎಳೆದಳು.
ಸಂಜೆಗೆ ಅಂಗೈ ಬೊಬ್ಬೆ, ಲಕೋಟೆಗೆ ಕಾಳು.

*

ಬಯಲಿನಲ್ಲಿ ಕಥೆ ಬೇರೆ.
ಕಾಖೇತಿಯಲ್ಲಿ ಕಣ್ಣು ಹಾಯುವವರೆಗೂ ಒಂದೇ ತಳಿ:
ಒಂದೇ ಎತ್ತರ, ಒಂದೇ ದಿನ ಹೂವು,
ನೂರು ಮನೆಗೆ ಒಂದೇ ಬೀಗ.
ಗಾಳಿಗೆ ಒಂದು ಕೀಲಿಕೈ ಸಿಕ್ಕಿತು, ಅಷ್ಟೇ.
ಜೂನ್‌ನಲ್ಲಿ ಹೊಲ ಹಾದು ಬಂದವರ ಷರಾಯಿ
ಮೊಣಕಾಲಿನ ತನಕ ಕೇಸರಿ.

ಕನ್ನಡದಲ್ಲಿ ಈ ರೋಗಕ್ಕೆ ಭಂಡಾರ ಎನ್ನುತ್ತೇವೆ;
ಬೀಜ ಕಾಪಿಡುವ ಕೋಣೆಗೂ ಅದೇ ಹೆಸರು.
ಈಡಾದದ್ದೂ ಇಟ್ಟುಕೊಂಡದ್ದೂ ಒಂದೇ ಮಾತಿನೊಳಗೆ
ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ.

*

ಬೆಳಗಿನ ಐದೂವರೆ. ಇಬ್ಬನಿ ಆರಿಲ್ಲ.
ಒಂದೊಂದು ಹೂವಿನಿಂದ ಮೂರು ಕೇಸರ
ಚಿಮಟದಲ್ಲಿ ಕೀಳಬೇಕು, ಉಸಿರು ಬಿಗಿಹಿಡಿದು.
ಮೇಲೊಂದು ಕಾಗದದ ಮುಸುಕು.
ಮೂರನೆಯ ದಿನ ಬೆಟ್ಟದ ಗಂಡಿನ ಪರಾಗ.

ನೆಂಟಸ್ತನ ಕೂಡಿಬರಲಿಲ್ಲ.
ಇವಳ ಕಡೆ ನಲವತ್ತೆರಡು ವರ್ಣತಂತು,
ಅವನ ಕಡೆ ಇಪ್ಪತ್ತೆಂಟು.
ಹುಟ್ಟಿದ ಸಸಿಯೊಳಗೆ ಜೋಡಿ ಸಿಗದವು
ಮುಗಿದ ಮದುವೆಮನೆಯಲ್ಲಿ ಬಸ್ಸು ತಪ್ಪಿದವರ ಹಾಗೆ
ಗೋಡೆ ಹಿಡಿದು ನಿಂತವು.
ಇನ್ನೂರು ತೆನೆಗೆ ಒಂಬತ್ತು ಕಾಳು,
ಒಂಬತ್ತೂ ಸುಕ್ಕು.

ಮತ್ತೆ ತಾಯಿಯ ಕಡೆಗೇ ಕೊಡುವುದು. ಮತ್ತೆ.
ತಾತನ ಗುಣ ಬೇಕು, ತಾತನ ಹಟ ಬೇಡ:
ಸಿಪ್ಪೆ ಬಿಡದ ಹಟ, ತಡವಾಗಿ ಮಾಗುವ ಹಟ,
ಗಾಳಿ ಬಂದರೆ ಮಲಗಿಬಿಡುವ ಹಟ.
ಬೇಕಾದದ್ದೂ ಬೇಡವಾದದ್ದೂ ಕೈಕೈ ಹಿಡಿದೇ ಬರುತ್ತವೆ;
ಬಿಡಿಸುವುದಕ್ಕೆ ವರ್ಷಗಳೇ ಬೇಕು.
ಅಷ್ಟರಲ್ಲಿ ಗ್ವಾಂತ್ಸಾಳ ಕನ್ನಡಕ ಎರಡು ಸಲ ಬದಲಾಯಿತು,
ಸಂಸ್ಥೆಯ ನಾಮಫಲಕ ಮೂರು ಸಲ.

ಎಂಟನೆಯ ಜೂನ್. ರೋಗವನ್ನು ಬೇಕೆಂದೇ ಬಿತ್ತಿದ ತಾಕು.
ನಲವತ್ತು ಸಾಲು ಕೇಸರಿ.
ಇಪ್ಪತ್ತಮೂರನೆಯದು ಹಸಿರು.
ಅವಳು ಸಾಲನ್ನು ಮತ್ತೆ ಎಣಿಸಿದಳು.
ಕುಳಿತಳು. ತಂದಿದ್ದ ರೊಟ್ಟಿ ತಿಂದಳು.

*

ಹೊಸ ಕಾಳಿನ ಪೊಟ್ಟಣ ಹಿಡಿದು ಬೆಟ್ಟ ಹತ್ತಿದಾಗ
ಪೆಪೆಲಾ ಒಂದನ್ನು ಹಲ್ಲಿಗಿಟ್ಟು ಕಡಿದಳು.

'ಮೆತ್ತಗಿದೆ. ಯಾರ ಮಗು?'
'ನಿಮ್ಮದೂ ಇದೆ ಇದರಲ್ಲಿ.'
'ಎಷ್ಟು?'
ಗ್ವಾಂತ್ಸಾ ಕಿರುಬೆರಳಿನ ಉಗುರು ತೋರಿಸಿದಳು,
ಆಮೇಲೆ ಉಗುರಿನ ಬುಡದ ಬಿಳಿ ಗೆರೆ ತೋರಿಸಿದಳು,
ಆಮೇಲೆ ಅದೂ ಹೆಚ್ಚಾಯಿತೆಂದು ಕೈ ಇಳಿಸಿದಳು.

ಮುದುಕಿ ಅರ್ಧ ಕಾಳನ್ನು ಕೋಳಿಗೆ ಉಗಿದಳು.
ಕೋಳಿ ತಿಂದಿತು.

'ಬಾ ಇಲ್ಲಿ,' ಎಂದು ಬಂಡೆಯ ಮಗ್ಗುಲಿಗೆ ಕರೆದೊಯ್ದು
ಒಂದು ತೆನೆ ಬಗ್ಗಿಸಿದಳು:
'ಇದರ ಮೀಸೆ ನೋಡು. ಇದು ಅದಲ್ಲ.
ಅಗೋ, ಆ ಸಣಕಲು, ಅದೂ ಅದಲ್ಲ.
ನೀನು ಅವತ್ತು ಒಯ್ದದ್ದು ದೊಡ್ಡಕ್ಕನನ್ನು ಮಾತ್ರ.
ಈ ಹೊಲದಲ್ಲಿ ಇರುವುದು ಮೂವರು.'

'ಮೊದಲೇ ಹೇಳಬಾರದಿತ್ತೆ?'
'ಒಂದು ಬೊಗಸೆ ಅಂದೆಯಲ್ಲ.'

ಲಕೋಟೆಯ ಮೇಲೆ ಊರು, ಎತ್ತರ, ತಾರೀಕು.
'ವಿಶೇಷ' ಎಂಬಲ್ಲಿ ಪೆನ್ನು ನಿಂತಿತು.
'ಬರಿ,' ಎಂದಳು ಪೆಪೆಲಾ, ಕೋಲಿನ ದಾರ ಬಿಗಿಯುತ್ತ,
'ಬಂಡೆಯ ನೆರಳಿನದು. ಚಳಿಗೆ ಜಗ್ಗಲ್ಲ.
ಕಬ್ಬಿಣ ಕಂಡರೆ ಆಗಲ್ಲ.'